ಬೆರಳುದ್ದದ ಸೌತೆಮಿಡಿಗೆ ಬೆಲೆ, ದಪ್ಪನೆಯದಕ್ಕೆ?

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಕಡೆ ಊಟಕ್ಕೆ ಕುಳಿತರೆ ಜೋಳದ ರೊಟ್ಟಿಯ ಮಗ್ಗುಲಿಗೆ ಹಸಿ ಸೌತೆ, ಮೂಲಂಗಿ, ಉಳ್ಳಾಗಡ್ಡಿ ಬರುತ್ತವೆ. ಉಪ್ಪಿನಕಾಯಿ ಬೇರೆ. ಇಟಲಿಯವರದು ಇನ್ನೊಂದು ಬಗೆ. ಹೂಕೋಸು, ಗಜ್ಜರಿ, ದೊಣ್ಣಮೆಣಸಿನಕಾಯಿ, ಸಣ್ಣ ಉಳ್ಳಾಗಡ್ಡಿ, ಸೌತೆಮಿಡಿ ಎಲ್ಲವನ್ನೂ ಒಟ್ಟಿಗೇ ವಿನೆಗರ್‌ನಲ್ಲಿ ಹಾಕಿಡುತ್ತಾರೆ. ಇದರ ಹೆಸರು ‘ಜಾರ್ದಿನ್ಯೇರಾ’. ಎಂದರೆ ತೋಟಗಾರ್ತಿ!

ದೂರದ ಇಟಲಿಯ ಸುದ್ದಿ ನಮಗೇಕೆ ಎನ್ನಬೇಡಿ. ಇಂಥ ಶೀಶೆಗಳಿಗೆ ಹೋಗುವ ಸೌತೆಮಿಡಿಗೂ ನಮಗೂ ನಂಟಿದೆ. ‘ಗರ್ಕಿನ್’ ಎಂಬ ಈ ಮಿಡಿಯ ಬೇಸಾಯ ಭಾರತದಲ್ಲಿ ಶುರುವಾದದ್ದೇ ಕರ್ನಾಟಕದಲ್ಲಿ, 1990ರ ದಶಕದ ಆರಂಭದಲ್ಲಿ. ಹಾವೇರಿ ಜಿಲ್ಲೆಯಲ್ಲೂ ಇದನ್ನು ಬೆಳೆಯುತ್ತಾರೆ. ದೇಶದಲ್ಲಿ ಸುಮಾರು 90,000 ಸಣ್ಣ ರೈತರು ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಇದನ್ನು ಬೆಳೆಯುತ್ತಾರೆಂದು ಕೇಂದ್ರ ಸರ್ಕಾರ 2022ರಲ್ಲಿ ಹೇಳಿತ್ತು. 2020-21ರಲ್ಲಿ ರಫ್ತಾದದ್ದು ಎರಡು ಲಕ್ಷ ಟನ್ನಿಗೂ ಹೆಚ್ಚು.

ಆದರೆ ಈ ಬೆಳೆ ಬಲು ನಾಜೂಕಿನದು. ಮಿಡಿ ಸಣ್ಣದಿದ್ದಷ್ಟೂ ದರ ಹೆಚ್ಚು. ಒಂದು ದಿನ ಕೊಯ್ಲು ತಪ್ಪಿದರೆ ಕಾಯಿ ದಪ್ಪಗಾಗುತ್ತದೆ, ದರ್ಜೆ ಇಳಿಯುತ್ತದೆ. ಅಳತೆ ಮೀರಿದ್ದನ್ನು ಕಂಪನಿ ಕೊಳ್ಳುವುದಿಲ್ಲ. ಸಂತೆಗೆ ಒಯ್ದರೆ ಕೇಳುವವರಿಲ್ಲ. ಕೊನೆಗೆ ಅದು ದನದ ಪಾಲು.

ಅಂಥ ಕಾಯಿಗೆ ಅಡಿಗೆಮನೆಯಲ್ಲಿ ದಾರಿಯಿದೆ. ಚೆನ್ನಾಗಿ ತೊಳೆದು ಬಿಲ್ಲೆಗಳಾಗಿ ಹೆಚ್ಚಿಕೊಳ್ಳಿ. ಜೊತೆಗೆ ಹೂಕೋಸು, ಗಜ್ಜರಿ, ಉಳ್ಳಾಗಡ್ಡಿ ಇರಲಿ. ಎರಡು ಲೋಟ ವಿನೆಗರ್‌ಗೆ ಒಂದು ಲೋಟ ನೀರು, ಒಂದು ಚಮಚ ಉಪ್ಪು, ಅಷ್ಟೇ ಸಕ್ಕರೆ, ನಾಲ್ಕು ಮೆಣಸಿನಕಾಳು ಹಾಕಿ ಕುದಿಸಿ. ತರಕಾರಿಯನ್ನು ಅದರಲ್ಲಿ ಎರಡು ನಿಮಿಷ ಬೇಯಿಸಿದರೆ ಸಾಕು, ಗರಿಗರಿತನ ಉಳಿಯಬೇಕು. ಆರಿದ ಮೇಲೆ ಒಣಗಿದ ಗಾಜಿನ ಶೀಶೆಗೆ ತುಂಬಿ. ತರಕಾರಿ ದ್ರವದಲ್ಲಿ ಪೂರ್ತಿ ಮುಳುಗಿರಲಿ. ಇದರಲ್ಲಿ ನಮ್ಮ ಉಪ್ಪಿನಕಾಯಿಯಷ್ಟು ಉಪ್ಪು, ಎಣ್ಣೆ ಇಲ್ಲ. ಆದ್ದರಿಂದ ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ.

ಎರಡು ದಿನ ಕಳೆದರೆ ತಿನ್ನಲು ಸಿದ್ಧ. ಶಿಕಾಗೋದಲ್ಲಿ ನೆಲೆಸಿದ ಇಟಲಿ ಮೂಲದವರು ಇದಕ್ಕೆ ಖಾರದ ಮೆಣಸಿನಕಾಯಿ, ಎಣ್ಣೆ ಸೇರಿಸಿ ಸ್ಯಾಂಡ್‌ವಿಚ್‌ಗೆ ಹಾಕುತ್ತಾರೆ. ನೇಪಲ್ಸ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬೇಯಿಸಿದ ಹೂಕೋಸಿಗೆ ಆಲಿವ್ ಹಾಗೂ ಇಂಥ ತರಕಾರಿ ಬೆರೆಸಿ ಸಲಾಡ್ ಮಾಡುತ್ತಾರೆ. ನಾವು ಸಣ್ಣಗೆ ಹೆಚ್ಚಿ, ರಸ ಹಿಂಡಿ, ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಬೇಯಿಸಿದ ಆಲೂಗಡ್ಡೆಯ ಜೊತೆ ಇಡಬಹುದು. ರಸ ಹಿಂಡದಿದ್ದರೆ ಬ್ರೆಡ್ಡು ಮುದ್ದೆಯಾದೀತು, ಜೋಕೆ! ಮೊಳಕೆ ಹೆಸರುಕಾಳಿಗೆ ಬೆರೆಸಿದರೆ ನಿಂಬೆಹುಳಿ ಬೇಡದ ಕೋಸಂಬರಿ ಸಿದ್ಧ.

ಪರದೇಶದ ಬ್ರೆಡ್ಡಿಗೆ ಒಪ್ಪುವ ಮಿಡಿ ನಮ್ಮ ರೊಟ್ಟಿಗೆ ಒಪ್ಪದೇ? ಹತ್ತಿರದ ಪೇಟೆಯಲ್ಲೇ ತಿನ್ನುವವರು ಹುಟ್ಟಿಕೊಂಡರೆ, ಕಂಪನಿ ಬೇಡವೆಂದ ಕಾಯಿಗೂ ನಾಲ್ಕು ಕಾಸು ಬಂದೀತು.