ದಾರಿಬದಿಯ ಸ್ಮಾರಕಶಿಲೆಯೂ ಅದು ಹೇಳದ ಮಾತೂ

ಚರಿತ್ರೆಯೆಂಬುದು ಪುಸ್ತಕಗಳಲ್ಲಿ ಮಾತ್ರವೇ ಇರತಕ್ಕದ್ದಲ್ಲ. ದಾರಿಯ ಮಗ್ಗುಲಲ್ಲಿ ನೆಟ್ಟ ಕಲ್ಲುಗಳಲ್ಲಿಯೂ ಇರುವುದು. ಆದರೆ ಕಲ್ಲಿನ ಮೇಲೆ ಸ್ಥಳವು ಸ್ವಲ್ಪ. ಆದುದರಿಂದ ಕೆತ್ತಿದ ಮಾತು ಸ್ವಲ್ಪ, ಬಿಟ್ಟುಹೋದ ಮಾತೇ ಬಹಳ. ಇದಕ್ಕೆ ನಿದರ್ಶನವಾಗಿ ಅಮೆರಿಕಾ ದೇಶದ ಪಶ್ಚಿಮ ಕರಾವಳಿಯ ಸಂಗತಿಯೊಂದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದಿಡಲು ಅಪೇಕ್ಷಿಸುತ್ತೇನೆ.

ಕ್ಯಾಲಿಫೋರ್ನಿಯಾದ ಸಾನ್ ಫ್ರಾನ್ಸಿಸ್ಕೊ ಪಟ್ಟಣದ ದಕ್ಷಿಣಕ್ಕೆ ಸಮುದ್ರದಂಡೆಯ ರಸ್ತೆಯನ್ನನುಸರಿಸಿ ಹೋಗುವವರಿಗೆ, ಸ್ಪೇನ್ ದೇಶದ ಅನ್ವೇಷಕರು 1769ರಲ್ಲಿ ಬೀಡುಬಿಟ್ಟಿದ್ದ ಸ್ಥಳಗಳ ಗುರುತುಗಳು ಕಾಣಬರುತ್ತವೆ. ಸಮೀಪದ ಸ್ವೀನಿ ರಿಡ್ಜ್ ಎಂಬ ಗುಡ್ಡದ ಮೇಲೆ, ಸುಮಾರು 1200 ಅಡಿ ಎತ್ತರದಲ್ಲಿ, ಅದೇ ಯಾತ್ರೆಯ ಸ್ಮಾರಕಶಿಲೆಯುಂಟು. 1769ನೆಯ ನವೆಂಬರ್ 4ರಂದು ಇಲ್ಲಿಂದ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯು ಕಂಡುಹಿಡಿಯಲ್ಪಟ್ಟಿತೆಂಬುದೇ ಅದರ ತಾತ್ಪರ್ಯ. 1968ರಲ್ಲಿ ಈ ಸ್ಥಳವು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಅಂಗೀಕೃತವಾಯಿತು.

ಆ ಯಾತ್ರೆಯ ನಾಯಕನು ಗಾಸ್ಪಾರ್ ದೆ ಪೊರ್ತೊಲಾ ಎಂಬ ಅಧಿಕಾರಿ. ಅವನು ಹುಡುಕಿ ಹೊರಟದ್ದು ಈ ಕೊಲ್ಲಿಯನ್ನಲ್ಲ. 1602ರಲ್ಲಿ ಸೆಬಾಸ್ತಿಯಾನ್ ವಿಸ್ಕಾಯಿನೊ ಎಂಬ ನಾವಿಕನು ಮಾಂಟೆರೆ ಎಂಬ ಬಂದರನ್ನು ಬಹಳವಾಗಿ ಹೊಗಳಿ ಬರೆದಿದ್ದನು. ಆ ಬಂದರನ್ನು ಸೇರಿ ಅಲ್ಲಿ ನೆಲೆಯೂರಬೇಕೆಂದು ಪೊರ್ತೊಲಾನು ಸುಮಾರು 60 ಮಂದಿಯನ್ನೂ ಹೇಸರಗತ್ತೆಗಳನ್ನೂ ಕೂಡಿಕೊಂಡು 1769ನೆಯ ಜುಲೈ 14ರಂದು ಸಾನ್ ಡಿಯಾಗೊ ಎಂಬಲ್ಲಿಂದ ಉತ್ತರಕ್ಕೆ ಪ್ರಯಾಣಮಾಡಿದನು. ಅಕ್ಟೋಬರ್ ತಿಂಗಳಲ್ಲಿ ಅವರು ಮಾಂಟೆರೆಗೆ ಬಂದೇ ಬಂದರು. ಆದರೆ ಗುರುತಿಸಲಾರದೆ ಹೋದರು. ಏತಕ್ಕೆಂದರೆ, ಹೊಗಳಿಕೆಯಲ್ಲಿದ್ದ ಬಂದರಿಗೂ ಕಣ್ಣೆದುರಿಗಿದ್ದ ಬಯಲು ಕಡಲಿಗೂ ಹೋಲಿಕೆಯೇ ಇರಲಿಲ್ಲ. ಆಹಾರವು ಕ್ಷೀಣಿಸಿ, ಅನೇಕರು ವ್ಯಾಧಿಗ್ರಸ್ತರಾಗಿದ್ದರೂ, ಬಂದರು ಇನ್ನೂ ಮುಂದಿರಬೇಕೆಂದು ಎಣಿಸಿ ನಡೆದರು.

ಹೀಗೆ ನಡೆದವರಲ್ಲಿ ಜಿಂಕೆಯ ಬೇಟೆಗೆ ಹೋಗಿದ್ದ ಕೆಲವು ಸಿಪಾಯಿಗಳು ಒಳನಾಡಿನ ಕಡೆಗೆ ಚಾಚಿದ್ದ ಮಹಾಜಲರಾಶಿಯನ್ನು ಕಂಡರು. ಎರಡು ದಿನಗಳ ಮೇಲೆ ತಂಡವೆಲ್ಲವೂ ಗುಡ್ಡವನ್ನೇರಿ ಅದನ್ನು ನೋಡಿತು. ಅವರಿಗೆ ಸಂತೋಷವಾಯಿತೇ? ಇಲ್ಲ. ಮಾಂಟೆರೆಯು ಸಿಕ್ಕಲಿಲ್ಲವೆಂಬ ಚಿಂತೆಯೇ ಅವರನ್ನು ಬಾಧಿಸಿತು. ಕೆಲವು ದಿನ ದಂಡೆಯಲ್ಲಿ ಅಲೆದು, ನವೆಂಬರ್ 11ರಂದು ಹಿಂದಿರುಗಲು ನಿಶ್ಚಯಿಸಿ, ದಾರಿಯಲ್ಲಿ ತಮ್ಮ ಹೇಸರಗತ್ತೆಗಳನ್ನೇ ಕೊಂದು ತಿಂದು, 1770ನೆಯ ಜನವರಿ 24ರಂದು ಸಾನ್ ಡಿಯಾಗೊ ಸೇರಿದರು. ಇಂದು ಕಲ್ಲು ಯಾವುದನ್ನು ಕೀರ್ತಿಯೆಂದು ಸಾರುತ್ತದೆಯೋ ಅದನ್ನು ಕಂಡವರು ಸೋಲೆಂದೇ ಭಾವಿಸಿ ಮರಳಿದರು!

ಇಷ್ಟು ವಿಶಾಲವಾದ ಕೊಲ್ಲಿಯು ಅದಕ್ಕೆ ಮುಂಚೆ ಹಡಗಿನವರ ಕಣ್ಣಿಗೆ ಬೀಳದಿದ್ದುದು ಹೇಗೆಂದು ವಾಚಕರು ಕೇಳಬಹುದು. 1542ರಿಂದಲೂ ಯುರೋಪಿನ ಹಡಗುಗಳು ಆ ಕರಾವಳಿಯಲ್ಲಿ ಸಂಚರಿಸುತ್ತಿದ್ದವು. ಆದರೆ ಗೋಲ್ಡನ್ ಗೇಟ್ ಎಂಬ ಅದರ ಬಾಯಿಯು ಅತಿ ಕಿರಿದಾದಲ್ಲಿ ಸುಮಾರು ಒಂದು ಮೈಲಿಯಷ್ಟೇ ಅಗಲ. ಅದನ್ನು ಮಂಜು ಪದೇ ಪದೇ ಮುಚ್ಚುವುದು. ದೂರದಿಂದ ನೋಡಿದರೆ ಗುಡ್ಡಗಳು ಒಂದೇ ಸಾಲಾಗಿ ತೋರುವುವು. ಆದಕಾರಣ 1775ರ ಆಗಸ್ಟ್ ತಿಂಗಳಲ್ಲಿ 'ಸಾನ್ ಕಾರ್ಲೋಸ್' ಎಂಬ ಹಡಗು ಒಳಹೊಗುವವರೆಗೆ ಯಾವ ಯುರೋಪಿನ ಹಡಗೂ ಅದರೊಳಗೆ ಬಂದುದಾಗಿ ದಾಖಲೆಯಿಲ್ಲ.

ಇನ್ನು ಮುಖ್ಯವಾದ ಮಾತು. 'ಕಂಡುಹಿಡಿಯಲ್ಪಟ್ಟಿತು' ಎಂದರೆ ಯಾರಿಂದ? ಓಲೋನಿ ಎಂದು ಈಗ ಕರೆಯಲ್ಪಡುವ ಜನರು ಸಾವಿರಾರು ವರ್ಷಗಳಿಂದ ಆ ಕೊಲ್ಲಿಯ ಸುತ್ತಲೂ ವಾಸಿಸುತ್ತಿದ್ದರು; ಮೀನು, ಚಿಪ್ಪುಜೀವಿಗಳು, ಓಕ್ ಮರದ ಕಾಯಿಗಳಿಂದ ಜೀವಿಸುತ್ತಿದ್ದರು. ಹಸಿದು ಬಂದ ಪರದೇಶಿಗಳಿಗೆ ಆಹಾರಕೊಟ್ಟವರೂ ಸನ್ನೆಗಳಿಂದ ದಾರಿ ಹೇಳಿದವರೂ ಈ ಕರಾವಳಿಯ ಜನರೇ. ಯಾತ್ರಿಕರೊಡನಿದ್ದ ಹುವಾನ್ ಕ್ರೆಸ್ಪಿ ಎಂಬ ಪಾದ್ರಿಯ ದಿನಚರಿಯೇ ಈ ಉಪಕಾರಕ್ಕೆ ಸಾಕ್ಷಿ. 1776ರಲ್ಲಿ ಅಲ್ಲಿ ಕೋಟೆಯೂ ಮಿಷನ್ನೂ ಸ್ಥಾಪಿತವಾದುವು. ಅನಂತರದ ವರ್ಷಗಳಲ್ಲಿ ಹೊಸ ರೋಗಗಳಿಂದಲೂ, ಮಿಷನ್ನುಗಳ ಕಟ್ಟುನಿಟ್ಟಾದ ದುಡಿಮೆಯಿಂದಲೂ, ತಮ್ಮ ನೆಲವನ್ನು ಕಳೆದುಕೊಂಡುದರಿಂದಲೂ ಆ ಜನರ ಸಂಖ್ಯೆಯು ಬಹಳವಾಗಿ ಕುಗ್ಗಿತು. ಕ್ರೈಸ್ತರಾದ ನಾವು ಈ ಸಂಗತಿಯನ್ನು ಮರೆಮಾಚಬೇಕಾದುದಿಲ್ಲ. ಸತ್ಯಕ್ಕೆ ಅಂಜುವ ಭಕ್ತಿಯು ಭಕ್ತಿಯಲ್ಲ. ಆದರೂ ಅವರು ಅಳಿದುಹೋದರೆಂದು ಹೇಳಕೂಡದು. ಓಲೋನಿ ವಂಶಸ್ಥರು ಇಂದಿಗೂ ಆ ಸೀಮೆಯಲ್ಲಿದ್ದು ತಮ್ಮ ಭಾಷೆಯನ್ನು ಪುನರುಜ್ಜೀವನಗೊಳಿಸಲು ಶ್ರಮಿಸುತ್ತಿದ್ದಾರೆ.

ಹಾಗಾದರೆ ಅಂಥ ಕಲ್ಲುಗಳನ್ನು ಕಿತ್ತೊಗೆಯಬೇಕೇ? ಅವುಗಳನ್ನು ಸರಿಯಾಗಿ ಓದಲು ಕಲಿಯುವುದೇ ಮೇಲೆಂದು ನನ್ನ ಅಭಿಪ್ರಾಯ. ಸ್ಮಾರಕವೊಂದರ ಮುಂದೆ ನಿಂತಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದನ್ನು ನಿಲ್ಲಿಸಿದವರು ಯಾರು? ಸಂಗತಿಯು ನಡೆದ ಎಷ್ಟು ಕಾಲದ ಮೇಲೆ ನಿಲ್ಲಿಸಿದರು? ಯಾರ ಹೆಸರು ಇದರಲ್ಲಿದೆ? ಯಾರ ಹೆಸರು ಇಲ್ಲ? ಮೊದಲಿನ ಮೂರಕ್ಕೆ ಕಲ್ಲೇ ಅನೇಕವೇಳೆ ಉತ್ತರ ಕೊಡುವುದು. ನಾಲ್ಕನೆಯದಕ್ಕೆ ಓದಿದವರು ತಾವೇ ಹುಡುಕಬೇಕು. ನಿಮ್ಮ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಈ ನಾಲ್ಕನೆಯ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಅವರಿಗೆ ಮಾಡಿಸಿರಿ. ಪಾಠಶಾಲೆಯಲ್ಲಿ ಕಲಿತ ಚರಿತ್ರೆಗೆ ಅದಕ್ಕಿಂತ ಉತ್ತಮವಾದ ಉಪಯೋಗವು ಬೇರೆ ಇರಲಾರದು.