ಆಪರೇಶನ್‌ಗೆ ಮೊದಲು ಕೈ ಶುದ್ಧಿ

ಹೆರಿಗೆ ಕಷ್ಟವಾದರೆ ನಾವು ಗುಂಡ್ಲುಪೇಟೆ ಆಸ್ಪತ್ರೆಗೆ ಹೋಗುತ್ತೇವೆ. ಇಲ್ಲವೇ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗುತ್ತೇವೆ. ಕೆಲವು ಸಲ ಹೊಟ್ಟೆ ಕೊಯ್ದು ಮಗು ತೆಗೀಬೇಕು ಅಂತಾರೆ. ಮಕ್ಕಳು ಸಾಕು ಅನ್ನುವವರೂ ಆಪರೇಶನ್ ಮಾಡಿಸಿಕೊಳ್ಳುತ್ತಾರೆ. ಆಗ ನಮಗೆಲ್ಲ ಒಂದೇ ಭಯ. ಗಾಯ ಕೀವಾದರೆ ಏನು ಗತಿ?

ಗಾಯ ಯಾಕೆ ಕೀವಾಗುತ್ತೆ? ರೋಗಾಣುಗಳಿಂದ. ಅವು ಕಣ್ಣಿಗೆ ಕಾಣಲ್ಲ. ಎಲ್ಲರ ಚರ್ಮದ ಮೇಲೂ ಇರುತ್ತವೆ. ಡಾಕ್ಟರ ಕೈ ಮೇಲೂ ಇರುತ್ತವೆ. ಕೊಯ್ದ ಜಾಗದೊಳಗೆ ಹೋದರೆ ಕೀವು, ಜ್ವರ. ಜೀವಕ್ಕೂ ಅಪಾಯ.

ಹಿಂದೆ ಇದು ಡಾಕ್ಟರುಗಳಿಗೂ ತಿಳಿದಿರಲಿಲ್ಲ. ವಿಯೆನ್ನಾ ಎಂಬ ಊರಿನ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದರು. 1847ರಲ್ಲಿ ಸೆಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ಸಾವು ಬಹಳ ಕಡಿಮೆಯಾಯಿತು.

ಆಮೇಲೆ ಔಷಧಿ ಸೋಪು ಹಚ್ಚಿ, ಉಜ್ಜಿ ತೊಳೆಯುವುದು ರೂಢಿಗೆ ಬಂತು. ಈಗ ಇನ್ನೊಂದು ದಾರಿಯೂ ಇದೆ. ಅದು ಸ್ಪಿರಿಟ್ ಇರುವ ದ್ರಾವಣ. ಇಂಜೆಕ್ಷನ್ ಕೊಡುವಾಗ ಹತ್ತಿಯಲ್ಲಿ ತಣ್ಣಗೆ ಒರೆಸುತ್ತಾರಲ್ಲ, ಅದೇ ಜಾತಿಯದು. ಇದು ರೋಗಾಣುಗಳನ್ನು ಬೇಗ ಕೊಲ್ಲುತ್ತೆ. ಆದರೆ ಕೈ ಕೊಳೆಯಾಗಿದ್ದರೆ ಕೆಲಸ ಮಾಡಲ್ಲ. ಮೊದಲು ಸೋಪಿನಲ್ಲಿ ತೊಳೆದು ಒಣಗಿಸಬೇಕು. ಆಮೇಲೆ ಬೆರಳ ತುದಿಯಿಂದ ಮೊಳಕೈವರೆಗೆ ದ್ರಾವಣ ಹಚ್ಚಿ ಉಜ್ಜಬೇಕು. ಅದು ತಾನಾಗಿ ಆರಬೇಕು. ಆಮೇಲೆ ಕೈಗವಸು. ಕೈಗವಸು ಇದ್ದ ಮೇಲೆ ಇದೆಲ್ಲ ಯಾಕೆ? ಕೈಗವಸಿಗೂ ಕಾಣದಂಥ ತೂತು ಬೀಳಬಹುದು.

ಸೋಪು ಮೇಲೋ, ಸ್ಪಿರಿಟ್ ಮೇಲೋ? ಫ್ರಾನ್ಸ್ ದೇಶದ 6 ಆಸ್ಪತ್ರೆಗಳಲ್ಲಿ 4387 ರೋಗಿಗಳನ್ನು ನೋಡಿದರು. 2002ರಲ್ಲಿ ಫಲ ತಿಳಿಸಿದರು. ಎರಡು ವಿಧಾನದಲ್ಲೂ ಸಾವಿರಕ್ಕೆ ಸುಮಾರು 24–25 ಜನರ ಗಾಯಕ್ಕೆ ಮಾತ್ರ ಸೋಂಕು ತಗುಲಿತ್ತು. ಎರಡೂ ಸಮ. ವಿಶ್ವ ಆರೋಗ್ಯ ಸಂಸ್ಥೆಯೂ 2016ರಲ್ಲಿ ಎರಡರಲ್ಲಿ ಯಾವುದಾದರೂ ಸರಿ ಎಂದಿತು. ಸ್ಪಿರಿಟ್ ದ್ರಾವಣಕ್ಕೆ ಹೊತ್ತು ಕಡಿಮೆ ಸಾಕು. ನೀರೂ ಕಡಿಮೆ ಸಾಕು. ಬೇಸಿಗೆಯ ನೀರಿನ ತಾಪತ್ರಯ ನಮಗೆ ಗೊತ್ತಲ್ಲ?

ಡಾಕ್ಟರ ಕೈ ಶುದ್ಧವಾದರೆ ಸಾಲದು. ನಮ್ಮ ಕೈಯೂ ಶುದ್ಧವಿರಬೇಕು.

ಆಪರೇಶನ್‌ಗೆ ಮೊದಲು ಸೋಪು ಹಚ್ಚಿ ಸ್ನಾನ ಮಾಡೋಣ.
ಬಾಣಂತಿಯನ್ನು, ಮಗುವನ್ನು ಮುಟ್ಟುವ ಮೊದಲು ಕೈ ತೊಳೆಯೋಣ.
ಗಾಯವನ್ನು ಮುಟ್ಟಿ ಮುಟ್ಟಿ ನೋಡುವುದು ಬೇಡ.
ಗಾಯಕ್ಕೆ ಅರಿಶಿನ, ಬೂದಿ ಹಚ್ಚುವುದು ಬೇಡ.
ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗೋಣ.

ಸ್ಪಿರಿಟ್ ಕುಡಿಯುವ ವಸ್ತು ಅಲ್ಲ, ಅದು ವಿಷ. ಬೆಂಕಿ ತಗುಲಿದರೆ ಭಗ್ಗೆನ್ನುತ್ತೆ. ಮನೆಯಲ್ಲಿದ್ದರೆ ಒಲೆಯಿಂದ, ಮಕ್ಕಳಿಂದ ದೂರ ಇಡೋಣ.