ಬಿಡುತ್ತ ಬಿಡುತ್ತ ಬೆಳೆದ ಜೇಸನ್

ತಿಂಗಳ ಎರಡನೇ ವಾರದಲ್ಲಿ ಯಾವ ಊರಿನ ಆಡಿಟರ್ ಕಚೇರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಜೇಸನ್ ಜನರೇಟ್ ಆಯ್ತಾ? ಹಂಗಾದ್ರೆ ಅಪ್‌ಲೋಡ್ ಮಾಡಿ.’ ಅಂಗಡಿಯ ಬಿಲ್ಲುಗಳನ್ನೆಲ್ಲ ಜಿಎಸ್‌ಟಿಯ ಆಫ್‌ಲೈನ್ ಟೂಲಿಗೆ ತುಂಬಿದರೆ ಅದು ಕೊನೆಗೆ ಕೈಗಿಡುವುದು ಒಂದು ಜೇಸನ್ ಫೈಲನ್ನು. ಆದಾಯ ತೆರಿಗೆಯ ರಿಟರ್ನ್‌ಗಳೂ 2021ರಿಂದ ಎಕ್ಸ್‌ಎಂಎಲ್ ಬಿಟ್ಟು ಇದೇ ದಾರಿ ಹಿಡಿದವು. ಮೊಬೈಲಿನ ಆ್ಯಪ್‌ಗಳಲ್ಲಿ ಬಹುಪಾಲು ತಮ್ಮ ಸರ್ವರ್ ಜತೆ ಮಾತನಾಡುವುದೂ ಈ ರೂಪದಲ್ಲೇ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದವರು ಕಡಿಮೆ. ತೆರೆದರೆ ಕಾಣುವುದು ಹೆಚ್ಚುಕಡಿಮೆ ಹೀಗೆ:

{ "ಊರು": "ಧಾರವಾಡ", "ಪಿನ್‌ಕೋಡ್": 580001, "ಎಸ್‌ಟಿಡಿ": "0836", "ತಿಂಡಿ": ["ಪೇಡಾ", "ಗಿರ್ಮಿಟ್", "ಮಿರ್ಚಿ"] }

ಬಳ್ಳಿ ಆವರಣದೊಳಗೆ ಹೆಸರು ಮತ್ತು ಬೆಲೆಯ ಜೋಡಿಗಳು, ಚೌಕ ಆವರಣದೊಳಗೆ ಪಟ್ಟಿ. ಬೆಲೆ ಎಂದರೆ ಪಠ್ಯ, ಸಂಖ್ಯೆ, ಹೌದು, ಅಲ್ಲ, ಏನೂ ಇಲ್ಲ ಇವುಗಳಲ್ಲಿ ಒಂದು. ಇಲ್ಲವೇ ಮತ್ತೊಂದು ಆವರಣ. ಇಡೀ ವ್ಯಾಕರಣ ಇಷ್ಟೇ. ಪ್ರೋಗ್ರಾಮು ತನ್ನ ಮೆಮೊರಿಯಲ್ಲಿರುವ ಮಾಹಿತಿಯನ್ನು ಈ ರೂಪದ ಪಠ್ಯವಾಗಿಸುವುದು ಎನ್‌ಕೋಡಿಂಗ್, ಅತ್ತ ಕಡೆಯ ಪ್ರೋಗ್ರಾಮು ಆ ಪಠ್ಯವನ್ನು ಓದಿ ಮತ್ತೆ ಮಾಹಿತಿಯಾಗಿಸಿಕೊಳ್ಳುವುದು ಡಿಕೋಡಿಂಗ್. ಎಸ್‌ಟಿಡಿ ಕೋಡನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದು ಸುಮ್ಮನೆ ಅಲ್ಲ. ಜೇಸನ್‌ನಲ್ಲಿ ಸಂಖ್ಯೆಯೊಂದು ಸೊನ್ನೆಯಿಂದ ಶುರುವಾಗಿ ಅದರ ಹಿಂದೆ ಬೇರೆ ಅಂಕಿ ಬರುವಂತಿಲ್ಲ. 0836 ಎಂದು ಹಾಗೇ ಬರೆದರೆ ಫೈಲು ತಿರಸ್ಕಾರವಾಗುತ್ತದೆ.

ಇಷ್ಟು ಚಿಕ್ಕ ವ್ಯಾಕರಣವನ್ನು ಯಾರೋ ಕೂತು ಯೋಜಿಸಿ ಕಟ್ಟಿದ್ದಲ್ಲ. ಅದರ ಒಂದೊಂದು ನಿಯಮದ ಹಿಂದೆಯೂ ಏನನ್ನೋ ಕೈಬಿಟ್ಟ ಕಥೆಯಿದೆ.

2001ರ ಹೊತ್ತಿಗೆ ಜಗತ್ತು ಎಕ್ಸ್‌ಎಂಎಲ್‌ನ ಗುಂಗಿನಲ್ಲಿತ್ತು. 1998ರ ಫೆಬ್ರುವರಿಯಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಅದನ್ನು ಅಂಗೀಕರಿಸಿದ ಮೇಲೆ ಕಂಪ್ಯೂಟರುಗಳ ನಡುವಿನ ಮಾತುಕತೆಗೆಲ್ಲ ಅದೇ ಭಾಷೆ ಎಂದು ದೊಡ್ಡ ಕಂಪನಿಗಳು ನಂಬಿದ್ದವು. ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಹೆಸರನ್ನೂ ಎರಡು ಸಲ ಬರೆಯಬೇಕು, ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ. ಆಗಿನ ವೆಬ್ ಪುಟಗಳೂ ಹಾಗೇ ಭಾರ. ಒಂದು ಗುಂಡಿ ಒತ್ತಿದರೆ ಇಡೀ ಪುಟ ಮಾಯವಾಗಿ, ಮತ್ತೆ ಮೊದಲಿನಿಂದ ಇಳಿದು ಬರಬೇಕಿತ್ತು.

ಕ್ಯಾಲಿಫೋರ್ನಿಯದ ಬೇ ಏರಿಯಾದಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ಇಬ್ಬರೂ ಅದೇ ವರ್ಷ ಸ್ಟೇಟ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ ಶುರುಮಾಡಿದ್ದರು. ಪುಟ ಮಾಯವಾಗದೆ, ಬ್ರೌಸರು ಮತ್ತು ಸರ್ವರು ಹಿಂದಿನಿಂದ ಮಾಹಿತಿ ಬದಲಾಯಿಸಿಕೊಳ್ಳುತ್ತಲೇ ಇರಬೇಕು ಎಂಬುದು ಅವರ ಹಂಬಲ. ಬ್ರೌಸರಿನೊಳಗೆ ಆಗಲೇ ಜಾವಾಸ್ಕ್ರಿಪ್ಟ್ ಇತ್ತು. 1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ನಿಲ್ಲಿಸಿದ್ದರು. ಆ ಭಾಷೆಯಲ್ಲಿ ಮಾಹಿತಿಯನ್ನು ಆವರಣಗಳೊಳಗೆ ನೇರವಾಗಿ ಬರೆಯುವ ಸೊಗಸಾದ ಪದ್ಧತಿಯೊಂದಿತ್ತು. ಬ್ರೌಸರಿಗೆ ಈಗಾಗಲೇ ಅರ್ಥವಾಗುವ ಆ ಬರವಣಿಗೆಯನ್ನೇ ಕಳಿಸಿದರೆ ಬೇರೆ ಭಾಷೆ ಯಾಕೆ ಬೇಕು? ಇದನ್ನು ತಾನು ಕಂಡುಹಿಡಿದದ್ದಲ್ಲ, ಇದ್ದದ್ದನ್ನು ಕಂಡದ್ದು ಅಷ್ಟೇ ಎಂದು ಕ್ರಾಕ್‌ಫರ್ಡ್ ಆಮೇಲೆ ಹಲವು ಭಾಷಣಗಳಲ್ಲಿ ಹೇಳಿದ್ದಾರೆ. ನೆಟ್‌ಸ್ಕೇಪಿನಲ್ಲಿ 1996ರಲ್ಲೇ ಯಾರೋ ಹೀಗೆ ಮಾಡುತ್ತಿದ್ದರು ಎಂದೂ ಅವರೇ ಒಪ್ಪಿದ್ದಾರೆ.

2001ರ ಏಪ್ರಿಲ್‌ನಲ್ಲಿ ಮಾರ್ನಿಂಗ್‌ಸ್ಟಾರ್ ಮನೆಯ ಗ್ಯಾರೇಜಿನಿಂದ ಮೊದಲ ಸಂದೇಶ ಹೊರಟಿತು. ಅದರಲ್ಲಿದ್ದದ್ದು ಮೂರೇ ಜೋಡಿ. ‘ಟು’ ಎಂಬ ಹೆಸರಿಗೆ ‘ಸೆಷನ್’, ‘ಡು’ ಎಂಬ ಹೆಸರಿಗೆ ‘ಟೆಸ್ಟ್’, ‘ಟೆಕ್ಸ್ಟ್’ ಎಂಬ ಹೆಸರಿಗೆ ‘ಹಲೋ ವರ್ಲ್ಡ್’. ಸಂದೇಶ ಮುಗ್ಗರಿಸಿತು. ‘ಡು’ ಎಂಬುದು ಜಾವಾಸ್ಕ್ರಿಪ್ಟ್ ತನ್ನ ಆಜ್ಞೆಗಳಿಗಾಗಿ ಕಾದಿರಿಸಿಕೊಂಡ ಮಾತು. ಅದನ್ನು ಹೆಸರಿನ ಜಾಗದಲ್ಲಿ ಬರಿದೇ ಬಳಸುವುದು ಆಗಿನ ನಿಯಮದಲ್ಲಿ ನಿಷಿದ್ಧ. ಕಾದಿರಿಸಿದ ಮಾತುಗಳ ಉದ್ದ ಪಟ್ಟಿ ಕೊಟ್ಟು, ಇವನ್ನು ಬಳಸಬೇಡಿ ಎಂದು ಎಲ್ಲರಿಗೂ ಹೇಳುತ್ತ ಕೂರುವುದಕ್ಕಿಂತ, ಎಲ್ಲ ಹೆಸರುಗಳಿಗೂ ಉದ್ಧರಣ ಚಿಹ್ನೆ ಕಡ್ಡಾಯ ಎಂದುಬಿಟ್ಟರು. ಪಟ್ಟಿಯ ಗೊಡವೆಯೇ ಹೋಯಿತು. ಧಾರವಾಡದ ಮೇಲಿನ ಉದಾಹರಣೆಯಲ್ಲಿ ‘ಊರು’ವಿಗೂ ಚಿಹ್ನೆ ಇರುವುದು ಆ ದಿನದ ಸೋಲಿನಿಂದ. 2009ರಲ್ಲಿ ಜಾವಾಸ್ಕ್ರಿಪ್ಟ್ ತನ್ನ ನಿಷೇಧ ಸಡಿಲಿಸಿತು, ಜೇಸನ್‌ನ ನಿಯಮ ಮಾತ್ರ ಹಾಗೇ ಉಳಿಯಿತು.

ಮೊದಲು ಇಟ್ಟ ಹೆಸರು ಜೆಎಸ್‌ಎಂಎಲ್. ಆ ಹೆಸರಿನದು ಇನ್ನೊಂದು ಆಗಲೇ ಇದೆ ಎಂದು ತಿಳಿದು ಜೇಸನ್ ಎಂದು ಬದಲಾಯಿಸಿದರು. ಗಿರಾಕಿಗಳಿಗೆ ತೋರಿಸಿದರೆ, ‘ಇದು ಮಾನ್ಯತೆ ಪಡೆದದ್ದಲ್ಲವಲ್ಲ’ ಎಂಬ ಉತ್ತರ. ಕ್ರಾಕ್‌ಫರ್ಡ್ 2002ರಲ್ಲಿ ಒಂದು ಜಾಲತಾಣದ ಹೆಸರು ಕೊಂಡು, ವ್ಯಾಕರಣವನ್ನು ರೈಲ್ವೆ ಹಳಿಗಳಂಥ ಗೆರೆಗಳಲ್ಲಿ ಬಿಡಿಸಿ, ಒಂದೇ ಪುಟ ಹಾಕಿ ಬಿಟ್ಟರು. ಕಂಪನಿ ಬಹುಕಾಲ ಬಾಳಲಿಲ್ಲ. ಪುಟ ಉಳಿಯಿತು. ಬೇರೆ ಬೇರೆ ಭಾಷೆಗಳ ಪ್ರೋಗ್ರಾಮರುಗಳು ಅದನ್ನು ನೋಡಿ ತಂತಮ್ಮ ಭಾಷೆಗೆ ಎನ್‌ಕೋಡರು, ಡಿಕೋಡರು ಬರೆಯತೊಡಗಿದರು.

ಆ ಪುಟದಿಂದ ಬೇಕೆಂದೇ ಹೊರಗುಳಿದದ್ದು ಎರಡು. ಒಂದು, ಟಿಪ್ಪಣಿ. ಮೊದಮೊದಲು ಟಿಪ್ಪಣಿ ಬರೆಯಲು ಅವಕಾಶವಿತ್ತು. ಕೆಲವರು ಅದರೊಳಗೆ ಡಿಕೋಡರಿಗೆ ಗುಟ್ಟಿನ ಸೂಚನೆಗಳನ್ನು ತುರುಕತೊಡಗಿದರು. ಹೀಗೇ ಬಿಟ್ಟರೆ ಒಬ್ಬರ ಜೇಸನ್ ಇನ್ನೊಬ್ಬರಿಗೆ ಓದಲು ಬರುವುದಿಲ್ಲ ಎಂದು ಕ್ರಾಕ್‌ಫರ್ಡ್ ಟಿಪ್ಪಣಿಯನ್ನೇ ಕಿತ್ತುಹಾಕಿದರು. ಸೆಟ್ಟಿಂಗ್ಸ್ ಫೈಲನ್ನು ಜೇಸನ್‌ನಲ್ಲಿ ಬರೆಯುವವರು ಇವತ್ತಿಗೂ ಇದಕ್ಕೆ ಗೊಣಗುತ್ತಾರೆ. ಅವರ ಕಷ್ಟ ನಿಜ, ಆದರೂ ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಇನ್ನೊಂದು, ಆವೃತ್ತಿ ಸಂಖ್ಯೆ. ಜೇಸನ್‌ಗೆ ಎರಡನೇ ಆವೃತ್ತಿ ಎಂಬುದೇ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ಫೈಲನ್ನು ಈಗಿನ ಡಿಕೋಡರು ತಕರಾರಿಲ್ಲದೆ ಓದುವುದಕ್ಕೆ ಇದೇ ಕಾರಣ.

2004ರಲ್ಲಿ ಜಿಮೇಲ್ ಬಂತು, 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಮಾಯವಾಗದೆ ಹಿಂದಿನಿಂದ ಮಾಹಿತಿ ತರಿಸಿಕೊಳ್ಳುವ ಪುಟಗಳಿಗೆ ‘ಏಜಾಕ್ಸ್’ ಎಂದು ಹೆಸರಿಟ್ಟರು, ಆ ವರ್ಷದ ಕೊನೆಗೆ ಯಾಹೂ ತನ್ನ ಮಾಹಿತಿಯನ್ನು ಜೇಸನ್‌ನಲ್ಲಿ ಕೊಡಲು ಶುರುಮಾಡಿತು. ಜನಪ್ರಿಯತೆಯ ಜತೆಗೆ ಒಂದು ಅಪಾಯವೂ ಬೆಳೆಯಿತು. ಜೇಸನ್ ಜಾವಾಸ್ಕ್ರಿಪ್ಟಿನ ತುಂಡೇ ಆದ್ದರಿಂದ, ಬಂದ ಪಠ್ಯವನ್ನು ‘ಇವಾಲ್’ ಎಂಬ ಆಜ್ಞೆಗೆ ಒಪ್ಪಿಸಿದರೆ ಡಿಕೋಡಿಂಗ್ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ‘ಇವಾಲ್’ ಓದುವುದಿಲ್ಲ, ಚಲಾಯಿಸುತ್ತದೆ. ಗುರುತಿಲ್ಲದವರು ಬರೆದ ಕಾಗದವನ್ನು ಓದುವ ಬದಲು ಅದರಲ್ಲಿ ಹೇಳಿದ್ದನ್ನೆಲ್ಲ ಮಾಡಿಬಿಟ್ಟ ಹಾಗೆ. ಮಾಹಿತಿಯ ನಡುವೆ ಯಾರಾದರೂ ಕೇಡಿನ ಆಜ್ಞೆ ಸೇರಿಸಿದ್ದರೆ ಅದೂ ನಡೆದುಹೋಗುತ್ತಿತ್ತು. ಚಲಾಯಿಸದೆ ಅಕ್ಷರ ಅಕ್ಷರವಾಗಿ ಪರೀಕ್ಷಿಸಿ ಓದುವ ‘ಜೇಸನ್ ಪಾರ್ಸ್’ ಸೌಲಭ್ಯ 2009ರಲ್ಲಿ ಬ್ರೌಸರುಗಳಿಗೇ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಮಾನಕದ ಐದನೇ ಆವೃತ್ತಿಯೊಳಗೂ ಜಾಗ ಪಡೆಯಿತು.

ಸಂಖ್ಯೆ ಎಷ್ಟು ದೊಡ್ಡದಿರಬಹುದು ಎಂದೂ ಜೇಸನ್ ಹೇಳಲಿಲ್ಲ. ಈ ಮೌನ ಮಾತ್ರ ದುಬಾರಿಯಾಯಿತು. ಜಾವಾಸ್ಕ್ರಿಪ್ಟಿನ ಮಾಮೂಲಿ ಸಂಖ್ಯೆಗಳು 9007199254740992 ದಾಟಿದ ಮೇಲೆ ಪೂರ್ಣಾಂಕಗಳನ್ನೆಲ್ಲ ನಿಖರವಾಗಿ ಹಿಡಿದಿಡಲಾರವು. ಕೊನೆಯಲ್ಲಿ 993 ಇರುವ ಸಂಖ್ಯೆ ಕಳಿಸಿದರೆ ಆ ಕಡೆ 992 ಆಗಿ ಇಳಿಯುತ್ತದೆ, ದೋಷದ ಸೂಚನೆಯೂ ಇಲ್ಲ. 2010ರಲ್ಲಿ ಟ್ವೀಟುಗಳ ಕ್ರಮಸಂಖ್ಯೆ ಈ ಗಡಿ ಮೀರಲಿದೆ ಎಂದಾದಾಗ ಟ್ವಿಟರ್ ಅದೇ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಇನ್ನೊಂದು ಸಲ ಕಳಿಸತೊಡಗಿತು.

ಬೇರೆ ಸ್ಕ್ರಿಪ್ಟಿಂಗ್ ಭಾಷೆಗಳ ಪೈಕಿ ಪಿಎಚ್‌ಪಿಯ ಕಥೆ ವಿಚಿತ್ರ. 2006ರ ಪಿಎಚ್‌ಪಿ 5.2ರಲ್ಲಿ ಜೇಸನ್ ಬರೆಯುವ, ಓದುವ ಎರಡು ಫಂಕ್ಷನ್‌ಗಳು ಸೇರಿದವು. ಅದರ ಡಿಕೋಡರು ಕ್ರಾಕ್‌ಫರ್ಡರ ತಾಣದ್ದು. ಅವರ ಪರವಾನಗಿಯಲ್ಲಿ, ಈ ತಂತ್ರಾಂಶವನ್ನು ಒಳಿತಿಗೆ ಬಳಸಬೇಕು, ಕೆಡುಕಿಗೆ ಬಳಸಬಾರದು ಎಂಬ ಷರತ್ತಿತ್ತು. ಕೇಳಲು ಹಿತವಾದ ಮಾತು. ಆದರೆ ಯಾವ ಉದ್ದೇಶಕ್ಕಾದರೂ ಬಳಸುವ ಹಕ್ಕು ಮುಕ್ತ ತಂತ್ರಾಂಶದ ಮೂಲ ತತ್ವ. ಒಳಿತು ಯಾವುದು ಎಂದು ನಿರ್ಧರಿಸುವವರು ಯಾರು? ಡೆಬಿಯನ್, ಫೆಡೋರಾ ಲಿನಕ್ಸ್ ಬಳಗಗಳು ಆ ಭಾಗವನ್ನು ಹೊರಗಿಟ್ಟವು. 2015ರ ಕೊನೆಗೆ ಬಂದ ಪಿಎಚ್‌ಪಿ 7 ಯಾಕುಬ್ ಜೆಲೆಂಕಾ ಹೊಸದಾಗಿ ಬರೆದ ಡಿಕೋಡರನ್ನು ತೆಗೆದುಕೊಂಡಿತು. ಒಂದು ವಾಕ್ಯದ ಸದಾಶಯಕ್ಕೆ ಇಷ್ಟು ಜನರ ಇಷ್ಟು ದುಡಿಮೆ ಹೋಯಿತು.

ಕನ್ನಡದವರಿಗೆ ತಟ್ಟುವ ವಿಷಯ ಇನ್ನೊಂದಿದೆ. ಪೈಥಾನ್‌ನಲ್ಲೋ ಪಿಎಚ್‌ಪಿಯಲ್ಲೋ ‘ಕನ್ನಡ’ ಎಂಬ ಪದವನ್ನು ಜೇಸನ್ ಮಾಡಿ ನೋಡಿ. ಫೈಲಿನಲ್ಲಿ ಕನ್ನಡವೇ ಕಾಣುವುದಿಲ್ಲ. ‘ಕ’ ಇರಬೇಕಾದಲ್ಲಿ ಒಂದು ಓರೆಗೆರೆ, ಯು, ಸೊನ್ನೆ, ಸಿ, 9, 5 ಎಂದು ಆರು ಚಿಹ್ನೆಗಳಿರುತ್ತವೆ. ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ, ಹೀಗೆ ಐದು ಯುನಿಕೋಡ್ ಅಂಶಗಳಿಗೆ ಮೂವತ್ತು ಬೈಟು. ಯುನಿಕೋಡಿನ ಮಾಮೂಲಿ ರೂಪವಾದ ಯುಟಿಎಫ್-8ರಲ್ಲಿ ನೇರವಾಗಿ ಬರೆದಿದ್ದರೆ ಹದಿನೈದೇ ಸಾಕಿತ್ತು. ಫೈಲು ದಪ್ಪವಾಗುವುದು ಹೋಗಲಿ, ತೆರೆದು ಓದಲಾಗದು, ಒಂದು ಪದ ಹುಡುಕಲಾಗದು, ಕಾಗುಣಿತದ ತಪ್ಪು ಕಣ್ಣಿಗೆ ಬೀಳದು. ಕನ್ನಡದ ನಿಘಂಟು, ಹಳ್ಳಿಗಳ ಪಟ್ಟಿ, ಪಠ್ಯಭಂಡಾರ ಕಟ್ಟುವವರಿಗೆ ಇದು ಸಣ್ಣ ತೊಂದರೆಯಲ್ಲ.

ಇದರಲ್ಲಿ ಜೇಸನ್‌ನ ತಪ್ಪಿಲ್ಲ. ಅದರ ವ್ಯಾಕರಣ ಕನ್ನಡವನ್ನು ಹಾಗೆಯೇ ಬರೆಯಲು ಮೊದಲಿನಿಂದ ಬಿಟ್ಟಿದೆ. ಜಾವಾಸ್ಕ್ರಿಪ್ಟಿನ ಎನ್‌ಕೋಡರು ಹಾಗೆಯೇ ಬರೆಯುತ್ತದೆ, ರೂಬಿಯದೂ ಅಷ್ಟೇ. ಹಳೆಯ ವ್ಯವಸ್ಥೆಗಳು ಇಂಗ್ಲಿಷಿನ ಆಚೆಯ ಅಕ್ಷರಗಳನ್ನು ದಾರಿಯಲ್ಲಿ ಕೆಡಿಸಿಬಿಡುತ್ತಿದ್ದ ಕಾಲದಲ್ಲಿ ಹೀಗೆ ಬಚ್ಚಿಟ್ಟು ಕಳಿಸುವುದು ಸುರಕ್ಷಿತವಾಗಿತ್ತು. 2017ರ ಡಿಸೆಂಬರಿನ ಮಾನಕ, ವ್ಯವಸ್ಥೆಯಿಂದ ವ್ಯವಸ್ಥೆಗೆ ಹೋಗುವ ಜೇಸನ್ ಯುಟಿಎಫ್-8ರಲ್ಲೇ ಇರಬೇಕು ಎಂದಿದೆ. ಆ ಭಯಕ್ಕೆ ಈಗ ಆಧಾರವಿಲ್ಲ. ಪೈಥಾನ್‌ನಲ್ಲಿ ‘ಎನ್‌ಶೂರ್ ಆಸ್ಕಿ’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ. ಪಿಎಚ್‌ಪಿಯಲ್ಲಿ ‘ಜೇಸನ್ ಅನ್‌ಎಸ್ಕೇಪ್ಡ್ ಯುನಿಕೋಡ್’ ಎಂಬ ಆಯ್ಕೆ 2012ರಿಂದ ಇದೆ. ಕೇಳದಿದ್ದರೆ ಮಾತ್ರ ಎರಡೂ ಭಾಷೆಗಳು ಈಗಲೂ ಸಂಕೇತಗಳನ್ನೇ ಕೊಡುತ್ತವೆ. ಕನ್ನಡದ ದತ್ತಾಂಶ ಹಂಚುವ ಇಲಾಖೆಗಳೂ ಪುಸ್ತಕ ಯೋಜನೆಗಳೂ ಫೈಲು ಹೊರಬಿಡುವ ಮೊದಲು ಆ ಒಂದು ಆಯ್ಕೆಯನ್ನು ಬದಲಾಯಿಸಿಕೊಳ್ಳಬೇಕು.